ಮೊದಲ ಟೆಲಿ ಝೂಮ್ ಲೆನ್ಸ್ ಕೊಳ್ಳುವ ಮುನ್ನ: ಮುಂಬಯಿ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಮೆರಾದ ಜೊತೆ ಬಂದ 18-55 ಲೆನ್ಸ್‌ನಲ್ಲಿ ಮನೆಮಂದಿ, ಗಣೇಶೋತ್ಸವ, ಮರೀನ್ ಡ್ರೈವ್ ಎಲ್ಲ ತೆಗೆದಾದ ಮೇಲೆ ದೂರದ್ದನ್ನು ಹತ್ತಿರಕ್ಕೆ ತರುವ ಆಸೆ ಹುಟ್ಟುತ್ತದೆ. ಥಾಣೆ ಖಾಡಿಯ (ಕ್ರೀಕ್) ಫ್ಲೆಮಿಂಗೊ, ಓವಲ್ ಮೈದಾನದ ಕ್ರಿಕೆಟ್, ಮಾಟುಂಗದ ಸಭಾಂಗಣದಲ್ಲಿ ಊರಿನಿಂದ ಬಂದ ಮೇಳದ ಯಕ್ಷಗಾನ ಆಟ. ಈ ಮೂರಕ್ಕೂ ಒಂದೇ ಲೆನ್ಸ್ ಸಾಕೆ, ಯಾವ ಕಂಪನಿಯದು ಒಳ್ಳೆಯದು, ಎಷ್ಟು ಎಂಎಂ (ಫೋಕಲ್ ಲೆಂತ್, ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ಬೇಕು ಎಂದು ನಮ್ಮವರು ಕೇಳುತ್ತಲೇ ಇರುತ್ತಾರೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೊದಲ ಟೆಲಿ ಝೂಮ್‌ನಲ್ಲಿ ನೋಡಬೇಕಾದದ್ದು ಎರಡು: ಕೈನಡುಕ ತಡೆಯುವ ವ್ಯವಸ್ಥೆ ಇದೆಯೆ, ಅದನ್ನು ಹೆಗಲಿಗೇರಿಸಿಕೊಂಡು ಲೋಕಲ್ ರೈಲು ಹತ್ತಲು ನಿಮಗೆ ಮನಸ್ಸಾಗುತ್ತದೆಯೆ. ಎಷ್ಟು ದೂರ ಎಳೆಯುತ್ತದೆ ಎಂಬುದು ಆಮೇಲಿನ ಮಾತು. ಬೆಲೆ ಹಬ್ಬಕ್ಕೊಂದು ರೀತಿ ಇರುವುದರಿಂದ ಇಲ್ಲಿ ಬರೆದಿಲ್ಲ.

300 ಎಂಎಂ ಸಾಕೆ, 600 ಬೇಕೆ?

ಊಹೆ ಬೇಡ, ಇದಕ್ಕೊಂದು ಸಣ್ಣ ಲೆಕ್ಕವಿದೆ. ವಸ್ತುವಿನ ಎತ್ತರವನ್ನು ಲೆನ್ಸಿನ ಎಂಎಂನಿಂದ ಗುಣಿಸಿ, ನಿಮಗೂ ಅದಕ್ಕೂ ಇರುವ ದೂರದಿಂದ ಭಾಗಿಸಿ. ಎಲ್ಲವನ್ನೂ ಮಿಲಿಮೀಟರಿನಲ್ಲಿ ಇಟ್ಟುಕೊಂಡರೆ ಸೆನ್ಸರ್ ಮೇಲೆ ಬೀಳುವ ಬಿಂಬದ ಗಾತ್ರ ಸಿಗುತ್ತದೆ. ಆರಂಭದ ಕ್ಯಾಮೆರಾಗಳಲ್ಲಿರುವ ಎಪಿಎಸ್-ಸಿ ಸೆನ್ಸರ್ ಸುಮಾರು 23.5 ಮಿ.ಮೀ ಅಗಲ, 15.6 ಮಿ.ಮೀ ಎತ್ತರ. ಕ್ಯಾನನ್ನದು ತುಸು ಚಿಕ್ಕದು.

ಬಿಳಿ ಎದೆಯ ಮಿಂಚುಳ್ಳಿ ಸುಮಾರು 28 ಸೆಂಟಿಮೀಟರ್ ಉದ್ದ. 15 ಮೀಟರ್ ದೂರದ ತಂತಿಯ ಮೇಲೆ ಕೂತಿದ್ದರೆ 300 ಎಂಎಂ ಲೆನ್ಸಿನಲ್ಲಿ ಅದರ ಬಿಂಬ 5.6 ಮಿ.ಮೀ, ಅಂದರೆ ಚಿತ್ರದ ಅಗಲದ ಕಾಲು ಭಾಗ. ಇದು ಧಾರಾಳವಾಗಿ ಸಾಕು. ಮೈದಾನದ ಬೌಂಡರಿಯಿಂದ 70 ಮೀಟರ್ ದೂರದಲ್ಲಿ ನಿಂತ ಬ್ಯಾಟ್ಸ್‌ಮನ್ 250 ಎಂಎಂನಲ್ಲೇ ಆರು ಮಿ.ಮೀ ದಾಟುತ್ತಾನೆ, ಚೌಕಟ್ಟಿನ ಎತ್ತರದ ಶೇ 40ರಷ್ಟು. ಆದರೆ 100 ಮೀಟರ್ ದೂರದ ಕೆಸರಿನಲ್ಲಿ ನಿಂತ ಸುಮಾರು 90 ಸೆಂಟಿಮೀಟರ್ ಎತ್ತರದ ಲೆಸ್ಸರ್ ಫ್ಲೆಮಿಂಗೊ 300 ಎಂಎಂನಲ್ಲಿ ಮೂರು ಮಿ.ಮೀ ಕೂಡ ಮುಟ್ಟುವುದಿಲ್ಲ. 600 ಹಾಕಿದರೂ ಐದೂವರೆ ಮಿ.ಮೀ ಒಳಗೇ.

ಆದ್ದರಿಂದ ನೀವು ನಿಲ್ಲುವ ಜಾಗಕ್ಕೆ ಒಮ್ಮೆ ಬರಿಗೈಲಿ ಹೋಗಿ ಬನ್ನಿ. ದೂರ ಎಷ್ಟೆಂದು ಕಣ್ಣಳತೆ ಸಿಕ್ಕಿದರೆ ಎಷ್ಟು ಎಂಎಂ ಬೇಕೆಂಬುದು ತಾನಾಗಿ ಗೊತ್ತಾಗುತ್ತದೆ.

ನನ್ನ ಕ್ಯಾಮೆರಾದಲ್ಲಿ 300 ಎಂಎಂ ಅಂದರೆ 450 ಎಂದು ಅಂಗಡಿಯವರು ಹೇಳುತ್ತಾರೆ. ನಿಜವೆ?

ಹಳೆಯ ಫಿಲ್ಮಿನ ಗಾತ್ರದ ಫುಲ್ ಫ್ರೇಮ್ ಸೆನ್ಸರಿಗೆ ಹೋಲಿಸಿದರೆ, ನೋಟದ ಮಟ್ಟಿಗೆ ನಿಜ. ನಿಕಾನ್, ಸೋನಿ, ಫ್ಯೂಜಿಫಿಲ್ಮ್‌ನ ಎಪಿಎಸ್-ಸಿ ಕ್ಯಾಮೆರಾಗಳಲ್ಲಿ 1.5ರಿಂದ, ಕ್ಯಾನನ್‌ನಲ್ಲಿ 1.6ರಿಂದ ಗುಣಿಸಿ. ಲೆನ್ಸು ಉದ್ದವಾಗುವುದಿಲ್ಲ, ಸೆನ್ಸರ್ ಚಿಕ್ಕದಾದ್ದರಿಂದ ಚಿತ್ರದ ಅಂಚು ಕತ್ತರಿಸಿ ಹೋಗುತ್ತದೆ ಅಷ್ಟೆ. ಮೇಲಿನ ಲೆಕ್ಕದಲ್ಲಿ ಲೆನ್ಸಿನ ಮೇಲೆ ಬರೆದ ಎಂಎಂ ಅನ್ನೇ ಹಾಕಿ.

ಕ್ಯಾನನ್ 55-250 ತೆಗೆದುಕೊಳ್ಳಲೆ, 75-300 ತೆಗೆದುಕೊಳ್ಳಲೆ? 300 ದೊಡ್ಡದಲ್ಲವೆ?

55-250. ಎರಡು ಮಾತಿಲ್ಲ.

ಇಎಫ್-ಎಸ್ 55-250 ಎಫ್/4-5.6 ಐಎಸ್ ಎಸ್‌ಟಿಎಂ ತೂಗುವುದು 375 ಗ್ರಾಂ (ಎಫ್ ಪಕ್ಕದ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಒಳಬಿಡುತ್ತದೆ). ಕೈನಡುಕ ತಡೆಯುವ ಐಎಸ್ ಇದೆ, ಫೋಕಸ್ ಸದ್ದಿಲ್ಲದೆ ಕೂರುತ್ತದೆ, 85 ಸೆಂಟಿಮೀಟರ್ ಹತ್ತಿರದ ಚಿಟ್ಟೆಯನ್ನೂ ಹಿಡಿಯುತ್ತದೆ. ಇಎಫ್ 75-300 ಎಫ್/4-5.6 III ಹಳೆಯ ವಿನ್ಯಾಸ. ಅದರಲ್ಲಿ ಐಎಸ್ ಇಲ್ಲ, ಒಂದೂವರೆ ಮೀಟರಿಗಿಂತ ಹತ್ತಿರ ಫೋಕಸ್ ಆಗುವುದಿಲ್ಲ, 300ರ ತುದಿಯಲ್ಲಿ ಚಿತ್ರ ಮಸುಕು. 250ಕ್ಕೂ 300ಕ್ಕೂ ನಡುವೆ ಬಿಂಬದ ಗಾತ್ರದಲ್ಲಿ ಇರುವ ವ್ಯತ್ಯಾಸ 1.2 ಪಟ್ಟು ಮಾತ್ರ. 55-250ರ ಚೂಪಾದ ಚಿತ್ರವನ್ನು ಅಷ್ಟು ಕ್ರಾಪ್ ಮಾಡಿದರೂ 75-300ಕ್ಕಿಂತ ಚೆನ್ನಾಗಿಯೇ ಇರುತ್ತದೆ.

ಇದೇ ಮಾತು ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ ಹೊಸ ಬಗೆಯ ಕ್ಯಾಮೆರಾ) ಕೊಂಡವರಿಗೂ ಅನ್ವಯಿಸುತ್ತದೆ, ಏಕೆಂದರೆ 2025ರಲ್ಲಿ ಕ್ಯಾನನ್ ಆರ್‌ಎಫ್ 75-300 ಬಿಡುಗಡೆ ಮಾಡಿದೆ, ಅದರಲ್ಲೂ ಐಎಸ್ ಇಲ್ಲ. ಆರ್100, ಆರ್50, ಆರ್10 ಕ್ಯಾಮೆರಾಗಳ ಒಳಗೂ ಸೆನ್ಸರ್ ಸ್ಥಿರಗೊಳಿಸುವ ವ್ಯವಸ್ಥೆ ಇಲ್ಲ. ಎರಡೂ ಕಡೆ ಇಲ್ಲದಿದ್ದರೆ ಸಂಜೆ ಬೆಳಕಿನಲ್ಲಿ ಹೊಸಬರ ಕೈಗೆ ಚಿತ್ರ ಸಿಗುವುದು ಕಷ್ಟ. ಈ ಕ್ಯಾಮೆರಾಗಳಿಗೆ 270 ಗ್ರಾಂನ ಆರ್‌ಎಫ್-ಎಸ್ 55-210 ಐಎಸ್ ಇದೆ. ತುದಿಯಲ್ಲಿ ಎಫ್/7.1 ಆದ್ದರಿಂದ ಹಗಲಿನ ಲೆನ್ಸ್ ಅಂದುಕೊಳ್ಳಿ. ಹಳೆಯ 55-250 ಮನೆಯಲ್ಲಿದ್ದರೆ ಕ್ಯಾನನ್ನಿನದೇ ಇಎಫ್-ಇಒಎಸ್ ಆರ್ ಅಡಾಪ್ಟರ್ ಹಾಕಿ, ಫೋಕಸ್ ಮೊದಲಿನಷ್ಟೇ ಚೆನ್ನಾಗಿ ನಡೆಯುತ್ತದೆ.

ಹಕ್ಕಿಯೇ ಮುಖ್ಯ, ಇನ್ನೂ ಸ್ವಲ್ಪ ಖರ್ಚು ಮಾಡಬಲ್ಲೆ ಎನ್ನುವವರಿಗೆ ಆರ್‌ಎಫ್ 100-400 ಎಫ್/5.6-8 ಐಎಸ್ ಯುಎಸ್‌ಎಂ. 2021ರಲ್ಲಿ ಬಂದದ್ದು, 635 ಗ್ರಾಂ. ಆರ್10ಕ್ಕೆ ಹಾಕಿದರೆ 640ರ ನೋಟ ಒಂದೇ ಕೈಯಲ್ಲಿ ಹಿಡಿಯುವಷ್ಟು ಹಗುರದಲ್ಲಿ ಸಿಗುತ್ತದೆ. ಎಫ್/8 ಎಂದು ಹೆದರುವವರು ಬಹಳ. ಬೆಳಗಿನ ಏಳೂವರೆಯ ಮೇಲೆ ಖಾಡಿಯ ಬಯಲಲ್ಲಿ ಅದರಿಂದ ತೊಂದರೆಯಿಲ್ಲ. ಬೋರಿವಲಿ ಕಾಡಿನ ನೆರಳಲ್ಲಿ ಮಾತ್ರ ಕಷ್ಟಪಡುತ್ತದೆ.

ನಿಕಾನ್ 70-300ರಲ್ಲಿ ಎಷ್ಟೊಂದು ಬಗೆ! ಯಾವುದು ಕೊಳ್ಳಬೇಕು?

ಇಲ್ಲಿ ಹೆಸರನ್ನು ಅಕ್ಷರ ಅಕ್ಷರ ಓದಲೇಬೇಕು. ಡಿಎಕ್ಸ್ (ಎಪಿಎಸ್-ಸಿಗೆ ನಿಕಾನ್ ಇಟ್ಟ ಹೆಸರು) ಡಿಎಸ್‌ಎಲ್‌ಆರ್‌ಗೆ ಬೇಕಾದದ್ದು ಎಎಫ್-ಪಿ ಡಿಎಕ್ಸ್ 70-300 ಎಫ್/4.5-6.3ಜಿ ಇಡಿ ವಿಆರ್. 415 ಗ್ರಾಂ, ಚುರುಕು ಫೋಕಸ್, ಬೆಲೆಗೆ ಮೀರಿದ ಸ್ಪಷ್ಟತೆ. ಇದರದೇ ಅವಳಿ ಒಂದಿದೆ, ಹೆಸರಿನ ಕೊನೆಯಲ್ಲಿ ವಿಆರ್ (ಕೈನಡುಕ ತಡೆ) ಇರುವುದಿಲ್ಲ. ಅದನ್ನು ಬಿಡಿ.

ಆದರೆ ಎಎಫ್-ಪಿ ಮೋಟಾರು ಹಳೆಯ ಕ್ಯಾಮೆರಾಗಳಿಗೆ ಒಗ್ಗುವುದಿಲ್ಲ. ಡಿ90, ಡಿ7000, ಡಿ3200, ಡಿ5100 ಇರುವವರು ಈ ಲೆನ್ಸ್ ತಂದರೆ ಫೋಕಸ್ಸೇ ಆಗದು. ಡಿ3400, ಡಿ3500, ಡಿ5600, ಡಿ7500 ಇದ್ದವರಿಗೆ ಚಿಂತೆಯಿಲ್ಲ. ಇದರ ತಿರುಗುಮುರುಗು ತೊಂದರೆ ಹಳೆಯ ಎಎಫ್ 70-300 ಎಫ್/4-5.6ಜಿಯದು. ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಬಹಳ ಅಗ್ಗಕ್ಕೆ ಸಿಗುತ್ತದೆ, ಆದರೆ ಅದಕ್ಕೆ ಸ್ವಂತ ಮೋಟಾರಿಲ್ಲ. ಡಿ3000 ಮತ್ತು ಡಿ5000 ಸಾಲಿನ ಯಾವ ಕ್ಯಾಮೆರಾದಲ್ಲೂ ಫೋಕಸ್ ಮೋಟಾರಿಲ್ಲ. ಎರಡೂ ಸೇರಿದರೆ ಕೈಯಿಂದಲೇ ಫೋಕಸ್ ತಿರುಗಿಸುತ್ತಾ ಕೂರಬೇಕು. ಹೆಸರಲ್ಲಿ ಎಎಫ್-ಎಸ್ ಅಥವಾ ಎಎಫ್-ಪಿ ಇದೆಯೆ ಎಂದು ನೋಡದೆ ದುಡ್ಡು ಕೊಡಬೇಡಿ.

ಝಡ್30, ಝಡ್50, ಝಡ್ ಎಫ್‌ಸಿ ಇದ್ದವರಿಗೆ ಝಡ್ ಡಿಎಕ್ಸ್ 50-250 ಎಫ್/4.5-6.3 ವಿಆರ್. 405 ಗ್ರಾಂ. ಕ್ಯಾಮೆರಾದೊಂದಿಗೆ ಜೋಡಿಯಾಗಿ ಸಿಗುವುದಾದರೆ ಮರುಯೋಚನೆ ಮಾಡದೆ ಜೋಡಿಯನ್ನೇ ತನ್ನಿ.

ಸೋನಿ, ಫ್ಯೂಜಿಯವರಿಗೆ?

ಸೋನಿಯಲ್ಲಿ ಇ 55-210 ಎಫ್/4.5-6.3 ಓಎಸ್‌ಎಸ್ ಹಗುರ, 345 ಗ್ರಾಂ. ಮಕ್ಕಳ ಸ್ಪೋರ್ಟ್ಸ್ ಡೇಗೆ, ಪ್ರವಾಸಕ್ಕೆ ಸರಿ. ಹಕ್ಕಿಗೆ ಚಿಕ್ಕದು. 2019ರಲ್ಲಿ ಬಂದ ಇ 70-350 ಎಫ್/4.5-6.3 ಜಿ ಓಎಸ್‌ಎಸ್ ನಿಜಕ್ಕೂ ಒಳ್ಳೆಯ ಲೆನ್ಸ್, 625 ಗ್ರಾಂನಲ್ಲಿ 525ರ ನೋಟ. ಎರಡರ ಬೆಲೆಯ ಅಂತರ ದೊಡ್ಡದು, ಆದರೂ ಎ6400 ಇಟ್ಟುಕೊಂಡು ಹಕ್ಕಿ ತೆಗೆಯುವ ಆಸೆ ಗಟ್ಟಿಯಾಗಿದ್ದರೆ 55-210 ಕೊಳ್ಳದೆ ಆರು ತಿಂಗಳು ಕಾದು ಇದನ್ನೇ ತನ್ನಿ ಎನ್ನುತ್ತೇನೆ. ಟ್ಯಾಮ್ರಾನ್ 70-300 ಎಫ್/4.5-6.3 ಡಿಐ III ಆರ್‌ಎಕ್ಸ್‌ಡಿ 545 ಗ್ರಾಂ, ಚಿತ್ರ ಚೂಪು. ಆದರೆ ಲೆನ್ಸಿನಲ್ಲಿ ಕೈನಡುಕ ತಡೆ ಇಲ್ಲ. ಸೆನ್ಸರ್ ಸ್ಥಿರೀಕರಣವಿರುವ ಎ6600, ಎ6700ಗೆ ಹೊಂದುತ್ತದೆ, ಎ6400ಗೆ ಅಲ್ಲ.

ಫ್ಯೂಜಿಯಲ್ಲಿ ಅಗ್ಗಕ್ಕೆ ಎಕ್ಸ್‌ಸಿ 50-230, ಗಟ್ಟಿಗೆ ಎಕ್ಸ್‌ಎಫ್ 70-300 ಎಫ್/4-5.6. ಎರಡನೆಯದಕ್ಕೆ ತೇವ, ಧೂಳಿನಿಂದ ರಕ್ಷಣೆಯಿದೆ, ಕರಾವಳಿಯಲ್ಲಿ ಓಡಾಡುವವರಿಗೆ ಅದು ದೊಡ್ಡ ಅನುಕೂಲ.

ಐಎಸ್, ವಿಆರ್, ಓಎಸ್‌ಎಸ್, ವಿಸಿ ಎಲ್ಲ ಒಂದೆಯೆ? ಅದಿದ್ದರೆ ಓಡುವ ಮಗುವೂ ಸ್ಪಷ್ಟ ಬರುತ್ತದೆಯೆ?

ಕಂಪನಿಗೊಂದು ಹೆಸರು, ಕೆಲಸ ಒಂದೇ: ನಿಮ್ಮ ಕೈ ಅಲುಗಿದ್ದನ್ನು ಸರಿದೂಗಿಸುವುದು. ಎದುರಿನವರು ಅಲುಗಿದ್ದನ್ನು ಅದು ತಡೆಯಲಾರದು. ಕೂತ ಕೊಕ್ಕರೆಗೆ 1/100 ಸೆಕೆಂಡಿನ ಶಟರ್‌ನಲ್ಲೂ ಸ್ಪಷ್ಟ ಚಿತ್ರ ಬಂದೀತು, ಹಾರುವ ಕೊಕ್ಕರೆಗೆ 1/1000 ಬೇಕೇ ಬೇಕು. ಸ್ಥಿರೀಕರಣ ಇಲ್ಲದಿದ್ದರೆ ಹಳೆಯ ನಿಯಮ ಇಟ್ಟುಕೊಳ್ಳಿ: 300 ಎಂಎಂ ಅನ್ನು 1.5ರಿಂದ ಗುಣಿಸಿದರೆ 450, ಶಟರ್ 1/450ಕ್ಕಿಂತ ಕೆಳಗಿಳಿಯದಿರಲಿ.

ಯಕ್ಷಗಾನಕ್ಕೆ ಯಾವ ಲೆನ್ಸ್?

ಹಕ್ಕಿಗೆ ಹೇಳಿದ್ದೆಲ್ಲ ಇಲ್ಲಿ ತಲೆಕೆಳಗು. ಸಭಾಂಗಣದಲ್ಲಿ ದೂರ ಕಡಿಮೆ, ಬೆಳಕೂ ಕಡಿಮೆ. ಹಾಗಾಗಿ ಎಂಎಂಗಿಂತ ಅಪರ್ಚರ್, ಅಂದರೆ ಬೆಳಕು ಒಳಬಿಡುವ ಕಿಂಡಿಯ ಅಗಲ, ಮುಖ್ಯ.

ಲೆಕ್ಕ ಹೀಗಿದೆ. 70-300 ಲೆನ್ಸಿನ ತುದಿಯಲ್ಲಿ ಎಫ್/6.3. ರಂಗದ ಬೆಳಕಿನಲ್ಲಿ 1/250 ಶಟರ್ ಇಟ್ಟುಕೊಂಡು ಅದಕ್ಕೆ ಐಎಸ್‌ಒ (ಸೆನ್ಸರಿನ ಬೆಳಕಿನ ಸಂವೇದನೆ, ಏರಿದಷ್ಟೂ ಚಿತ್ರ ಕಾಳುಕಾಳು) 12800 ಬೇಕಾಯಿತೆನ್ನಿ. ಅದೇ ಜಾಗದಲ್ಲಿ 70-200 ಎಫ್/2.8 ಇದ್ದರೆ ಸುಮಾರು 2500 ಸಾಕು. 85 ಎಂಎಂ ಎಫ್/1.8 ಇದ್ದರೆ 1000ದ ಆಸುಪಾಸಿಗೆ ಇಳಿಯುತ್ತದೆ. 70-200 ಎಫ್/2.8 ದುಬಾರಿ, ಭಾರ. 85 ಎಫ್/1.8 ಝೂಮ್ ಅಲ್ಲ ನಿಜ, ಆದರೆ ಅದರ ಬೆಲೆ ಬಹಳ ಕಡಿಮೆ, ಕ್ಯಾನನ್ ಇಎಫ್ 85 ಎಫ್/1.8 ತೂಗುವುದು 425 ಗ್ರಾಂ. ಎಪಿಎಸ್-ಸಿಯಲ್ಲಿ ಹನ್ನೆರಡು ಮೀಟರ್ ದೂರ ಕೂತರೆ ಕಿರೀಟ ಸೇರಿ ಎರಡು ಮೀಟರ್ ಎತ್ತರದ ವೇಷ ಚೌಕಟ್ಟನ್ನು ಮೇಲಿಂದ ಕೆಳಗೆ ಹೆಚ್ಚುಕಡಿಮೆ ತುಂಬುತ್ತದೆ. ಹಾಗಾಗಿ ಆಟ ತೆಗೆಯುವ ಮನಸ್ಸಿದ್ದವರು ಟೆಲಿ ಝೂಮ್ ಜೊತೆಗೆ ಇದೊಂದನ್ನು ಸೇರಿಸಿಕೊಳ್ಳಿ, ಝೂಮನ್ನೇ ಹಿಗ್ಗಿಸಿ ಹಿಗ್ಗಿಸಿ ಸೋಲಬೇಡಿ.

ಗಿರ್ರನೆ ತಿರುಗುವ ಧೀಂಗಿಣಕ್ಕೆ 1/500 ಬೇಕು. ಮಾತುಗಾರಿಕೆಯ ಹೊತ್ತಿಗೆ 1/160 ಸಾಲುತ್ತದೆ, ಅರ್ಥ ಹೇಳುವಾಗ ಕಲಾವಿದರು ಒಂದು ಕ್ಷಣ ನಿಲ್ಲುವ ಜಾಗಗಳಿವೆ, ಪ್ರಸಂಗ ಬಲ್ಲವರಿಗೆ ಅದು ಮೊದಲೇ ಗೊತ್ತಾಗುತ್ತದೆ. ಲೆನ್ಸಿನ ಖರ್ಚಿಗಿಂತ ಹೆಚ್ಚು ಫಲ ಕೊಡುವುದು ಆ ತಿಳಿವಳಿಕೆ. ಬಣ್ಣದ ವೇಷದ ಮುಖದ ಮೇಲೆ ಕೆಂಪು ದೀಪ ಬಿದ್ದಾಗ ಕೆಂಪು ಒಂದೇ ತುಂಬಿ ತುಳುಕಿ ಮುಖವರ್ಣಿಕೆಯ ಗೆರೆಗಳು ಅಳಿಸಿಹೋಗುತ್ತವೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್ (ಅರ್ಧದಷ್ಟು ಬೆಳಕು) ಇಳಿಸಿ, ರಾದಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಕಡತ) ತೆಗೆಯಿರಿ, ಆಮೇಲೆ ಎತ್ತಿಕೊಳ್ಳಬಹುದು. ಸಭಾಂಗಣದ ಎಲ್‌ಇಡಿ ದೀಪಗಳಡಿ ಮಿರರ್‌ಲೆಸ್ ಕ್ಯಾಮೆರಾದ ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಚಿತ್ರದ ಮೇಲೆ ಅಡ್ಡ ಪಟ್ಟಿಗಳು ಬರಬಹುದು. ಮೆಕ್ಯಾನಿಕಲ್ ಶಟರ್ ಇದ್ದರೆ ಅದನ್ನೇ ಬಳಸಿ. ಅದರ ಸದ್ದು ತೊಂದರೆಯಾದೀತೆಂಬ ಅಳುಕಿದ್ದರೆ ಚೆಂಡೆ ಏರುವ ಹೊತ್ತಿಗೆ ಕ್ಲಿಕ್ಕಿಸಿ.

ಫ್ಲ್ಯಾಶ್ ಮಾತ್ರ ಬೇಡ. ಕುಣಿಯುವವರ ಕಣ್ಣಿಗೆ ಬೀಳುತ್ತದೆ, ಹಿಂದೆ ಕೂತ ಪ್ರೇಕ್ಷಕರ ರಸಭಂಗವಾಗುತ್ತದೆ, ವೇಷದ ಚಿನ್ನದ ಬಣ್ಣವೆಲ್ಲ ಬಿಳುಚಿಕೊಳ್ಳುತ್ತದೆ.

ಎಲ್ಲರೂ 150-600 ಹಿಡಿದುಕೊಂಡೇ ಬರುತ್ತಾರೆ. ನಾನೂ ನೇರ ಅದನ್ನೇ ಕೊಂಡರೆ?

ಸಿಗ್ಮಾ 150-600 ಕಂಟೆಂಪರರಿ ತೂಗುವುದು 1930 ಗ್ರಾಂ, ಟ್ಯಾಮ್ರಾನ್ 150-600 ಜಿ2 ಎರಡು ಕಿಲೋ. ಸೋನಿ 200-600, ನಿಕಾನ್ ಝಡ್ 180-600 ಕೂಡ ಎರಡು ಕಿಲೋ ಮೇಲೇ. ಎಲ್ಲಕ್ಕೂ ಮುಂದಿನ ಫಿಲ್ಟರ್ ಅಳತೆ 95 ಎಂಎಂ. ಒಳ್ಳೆಯ ಲೆನ್ಸುಗಳು, ಅನುಮಾನವಿಲ್ಲ. ಆದರೆ ಬೆಳಗಿನ ಜಾವ ಡೊಂಬಿವಲಿಯಿಂದ ಹೊರಟು ರೈಲು, ರಿಕ್ಷಾ ಬದಲಿಸಿ, ಹನ್ನೊಂದು ಗಂಟೆಗೆ ವಾಪಸು ಬರುವವರಿಗೆ ಈ ತೂಕ ಎರಡನೇ ತಿಂಗಳಿಗೇ ಬೇಸರ ತರಿಸುತ್ತದೆ. ಬೀರುವಿನಲ್ಲಿ ಕೂತ ಆರು ನೂರಕ್ಕಿಂತ ಜೊತೆಗೆ ಬಂದ ಮುನ್ನೂರು ಹೆಚ್ಚು ಚಿತ್ರ ಕೊಡುತ್ತದೆ.

ಇನ್ನೊಂದು ಕಾರಣ ಗಾಳಿ. ಬಿಸಿಲೇರಿದ ಮೇಲೆ ಕೆಸರುಬಯಲಿನಿಂದ ಏಳುವ ಬಿಸಿಗಾಳಿ ಬೆಳಕನ್ನು ನಡುಗಿಸುತ್ತದೆ. ನೂರೈವತ್ತು ಮೀಟರ್ ಆಚೆಯ ಹಕ್ಕಿಯ ರೆಕ್ಕೆಗೆರೆಗಳು ಆಗ ಯಾವ ಲೆನ್ಸಿನಲ್ಲೂ ಕಾಣವು. ಲೆನ್ಸ್ ಉದ್ದವಾದಷ್ಟೂ ಆ ನಡುಕವೂ ದೊಡ್ಡದಾಗಿ ಬರುತ್ತದೆ. ‘ನನ್ನ ಲೆನ್ಸ್ ಸಾಫ್ಟ್’ ಎಂದು ದೂರುತ್ತಾ ಸರ್ವಿಸ್ ಸೆಂಟರಿಗೆ ಹೊರಟ ಎಷ್ಟೋ ಮಂದಿಗೆ ನಾನು ಹೇಳುವುದು ಒಂದೇ: ಬೆಳಿಗ್ಗೆ ಏಳಕ್ಕೆ, ಇಪ್ಪತ್ತು ಮೀಟರ್ ದೂರದ ಹಕ್ಕಿಯನ್ನು ತೆಗೆದು ನೋಡಿ, ಆಮೇಲೆ ಹೇಳಿ. ಚಳಿಗಾಲದ ಹೊಗೆಮಂಜು ಮುಂಬಯಿಗೆ ಇನ್ನೊಂದು ಪರದೆ. ಅದಕ್ಕೂ ಮದ್ದು ಹತ್ತಿರ ಹೋಗುವುದೇ.

ಒಂದು ವರ್ಷ 70-300 ಅಥವಾ 100-400ರಲ್ಲಿ ಕೈ ಪಳಗಿದ ಮೇಲೂ ಸಾಲುತ್ತಿಲ್ಲ ಅನಿಸಿದರೆ ಆಗ ಕೊಳ್ಳಿ. ಫುಲ್ ಫ್ರೇಮ್ ಇರುವವರಿಗೆ ನಡುವಿನ ದಾರಿಯೂ ಇದೆ: ಟ್ಯಾಮ್ರಾನ್ 50-400, ಸಿಗ್ಮಾ 100-400 ಡಿಜಿ ಡಿಎನ್, ಎರಡೂ ಒಂದು ಕಿಲೋ ನೂರು ಗ್ರಾಂ ಚಿಲ್ಲರೆ.

ಎರಡು ಲೆನ್ಸ್ ಬದಲಿಸುವ ತಾಪತ್ರಯ ಬೇಡ. 18-400 ಒಂದೇ ಸಾಲದೆ?

ಟ್ಯಾಮ್ರಾನ್ 18-400 ಸುಮಾರು 700 ಗ್ರಾಂ, ಕ್ಯಾನನ್ ಮತ್ತು ನಿಕಾನ್ ಡಿಎಸ್‌ಎಲ್‌ಆರ್‌ಗೆ. ಸೋನಿ, ಫ್ಯೂಜಿಗೆ 18-300. ಕುಟುಂಬದ ಜೊತೆ ಊರಿಗೆ, ತೀರ್ಥಯಾತ್ರೆಗೆ ಹೋಗುವವರಿಗೆ ನಿಜಕ್ಕೂ ಅನುಕೂಲ. ದೋಣಿಯಲ್ಲಿ ಉಪ್ಪುಗಾಳಿಗೆ ಸೆನ್ಸರ್ ತೆರೆದಿಟ್ಟು ಲೆನ್ಸ್ ಬದಲಿಸುವ ಅಪಾಯವೂ ಇರುವುದಿಲ್ಲ. ಉದ್ದದ ತುದಿಯ ಸ್ಪಷ್ಟತೆ, ಫೋಕಸ್ ವೇಗ ಮಾತ್ರ 70-300ರಂಥ ಲೆನ್ಸಿಗೆ ಸಮವಲ್ಲ. ಹಾರುವ ಹಕ್ಕಿ ನಿಮ್ಮ ಗುರಿಯಾಗಿದ್ದರೆ ಬೇಡ.

ನಿಕಾನ್ ಪಿ950, ಪಿ1000 ಚಂದ್ರನನ್ನೂ ಹತ್ತಿರ ತೋರಿಸುತ್ತವೆ. ಅದೇ ಒಳ್ಳೆಯದಲ್ಲವೆ?

ಇವು ಲೆನ್ಸ್ ಬದಲಿಸಲಾಗದ ಕ್ಯಾಮೆರಾಗಳು. ಪಿ950 24ರಿಂದ 2000 ಎಂಎಂ ನೋಟ ಕೊಡುತ್ತದೆ, ತೂಕ ಒಂದು ಕಿಲೋ. ಹಕ್ಕಿ ಯಾವುದೆಂದು ಗುರುತಿಸಿ ಪಟ್ಟಿ ಮಾಡುವವರಿಗೆ, ಚಂದ್ರನ ಕುಳಿ ನೋಡುವ ಮಕ್ಕಳಿಗೆ ಇದಕ್ಕಿಂತ ಖುಷಿಯ ಸಾಧನ ಕಡಿಮೆ. ಸೆನ್ಸರ್ ಮಾತ್ರ ಬಹಳ ಚಿಕ್ಕದು. ಮೋಡ ಕವಿದರೆ, ಸಂಜೆಯಾದರೆ ಚಿತ್ರ ಕಾಳುಕಾಳು. ಹಾರುವುದನ್ನು ಹಿಂಬಾಲಿಸುವುದೂ ಕಷ್ಟ. ಆಟಕ್ಕೆ, ರಂಗದ ಚಿತ್ರಕ್ಕೆ ಒದಗುವುದಿಲ್ಲ.

ಟೆಲಿ ಕನ್ವರ್ಟರ್ ಹಾಕಿ ಇರುವ ಲೆನ್ಸನ್ನೇ ಉದ್ದ ಮಾಡಬಹುದೆ?

ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಹಾಕುವ ಈ ಗಾಜನ್ನು ಆರಂಭದ ಝೂಮುಗಳಲ್ಲಿ ಹೆಚ್ಚಿನವು ಸ್ವೀಕರಿಸುವುದೇ ಇಲ್ಲ. ಸ್ವೀಕರಿಸುವ ಕ್ಯಾನನ್ ಆರ್‌ಎಫ್ 100-400ಕ್ಕೆ 1.4 ಹಾಕಿದರೆ ಒಂದು ಸ್ಟಾಪ್ ಬೆಳಕು ಹೋಗಿ ತುದಿಯಲ್ಲಿ ಎಫ್/11 ಆಗುತ್ತದೆ. 24 ಮೆಗಾಪಿಕ್ಸೆಲ್ ಚಿತ್ರವನ್ನು ಒಂದೂವರೆ ಪಟ್ಟು ಕ್ರಾಪ್ ಮಾಡಿದರೂ ಹತ್ತು ಮೆಗಾಪಿಕ್ಸೆಲ್ ಮೇಲೆ ಉಳಿಯುತ್ತದೆ, ಗೋಡೆಗೆ ಹಾಕುವ ಪ್ರಿಂಟಿಗೂ ಅದು ಸಾಕು. ಲೆನ್ಸಿನ ಮುಂದೆ ತಿರುಗಿಸಿ ಹಾಕುವ ಅಗ್ಗದ ಗಾಜುಗಳ ಕಡೆ ತಿರುಗಿಯೂ ನೋಡಬೇಡಿ.

ಬೋರಾ ಬಜಾರಿನಲ್ಲಿ ಸೆಕೆಂಡ್‌ಹ್ಯಾಂಡ್ ಕೊಳ್ಳಬಹುದೆ? ಏನು ನೋಡಬೇಕು?

ಖಂಡಿತ ಕೊಳ್ಳಬಹುದು. ಸಿಎಸ್‌ಎಂಟಿ ಸ್ಟೇಷನ್ನಿನಿಂದ ನಡೆದೇ ಹೋಗಬಹುದಾದ ಫೋರ್ಟಿನ ಈ ಬೀದಿ ಮುಂಬಯಿಯ ಕ್ಯಾಮೆರಾ ಪೇಟೆ. ಹೊಸದು, ಹಳೆಯದು ಎರಡೂ ಸಿಗುತ್ತವೆ, ನಾಲ್ಕು ಅಂಗಡಿ ಸುತ್ತಿ ಕೈಯಲ್ಲಿ ಹಿಡಿದು ನೋಡುವ ಅವಕಾಶ ಆನ್‌ಲೈನಿನಲ್ಲಿ ಇಲ್ಲ. ನಿಮ್ಮ ಕ್ಯಾಮೆರಾ, ಖಾಲಿ ಕಾರ್ಡು, ಒಂದು ಚಿಕ್ಕ ಟಾರ್ಚು ತೆಗೆದುಕೊಂಡು ಹೋಗಿ.

ಕರಾವಳಿ ನಗರದ ಹಳೆಯ ಲೆನ್ಸಿನಲ್ಲಿ ಮೊದಲು ಹುಡುಕಬೇಕಾದದ್ದು ಫಂಗಸ್. ಹಿಂದಿನ ಮುಚ್ಚಳ ತೆಗೆದು, ಹಿಂದಿನಿಂದ ಟಾರ್ಚ್ ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ. ಗಾಜಿನ ಒಳಗೆ ಜೇಡರ ಬಲೆಯಂಥ ಎಳೆಗಳು ಕಂಡರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ, ಅದು ಗಾಜಿನ ಲೇಪವನ್ನೇ ತಿನ್ನುತ್ತದೆ. ಒಂದೆರಡು ಧೂಳಿನ ಕಣ ಚಿತ್ರದಲ್ಲಿ ಕಾಣುವುದಿಲ್ಲ, ಅದಕ್ಕೆ ಚೌಕಾಸಿ ಮಾಡಬಹುದು. ಝೂಮ್ ರಿಂಗ್ ಎಲ್ಲೂ ಸಿಕ್ಕಿಕೊಳ್ಳದೆ ತಿರುಗಬೇಕು. ಸ್ಥಿರೀಕರಣ ಕೆಲಸ ಮಾಡುತ್ತಿದೆಯೆ ಎಂದು ತಿಳಿಯಲು ತುದಿಯವರೆಗೆ ಝೂಮ್ ಮಾಡಿ ಶಟರ್ ಅರ್ಧ ಒತ್ತಿ, ಕುಣಿಯುತ್ತಿದ್ದ ನೋಟ ಥಟ್ಟನೆ ತೇಲಿ ನಿಲ್ಲಬೇಕು. ಮೌಂಟಿನ ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ ಎಂದರ್ಥ. ಬೀದಿಯ ದೂರದ ಬೋರ್ಡನ್ನು ಒಮ್ಮೆ, ಕೌಂಟರಿನ ಮೇಲಿನ ಬಿಲ್ಲನ್ನು ಒಮ್ಮೆ ಫೋಕಸ್ ಮಾಡಿ ತೆಗೆದು, ಪರದೆಯಲ್ಲಿ ದೊಡ್ಡದು ಮಾಡಿ ನೋಡಿ.

ಹೊಸದಾದರೆ ಬಿಲ್ ಸಮೇತ, ಭಾರತದ ವಾರಂಟಿ ಕಾರ್ಡ್ ಸಮೇತ ತನ್ನಿ. ಬಿಲ್ ಇಲ್ಲದೆ ಕಡಿಮೆಗೆ ಕೊಡುವ ಮಾಲಿಗೆ ಮೋಟಾರು ಕೆಟ್ಟ ದಿನ ಯಾರೂ ಹೊಣೆಯಲ್ಲ.

ಫ್ಲೆಮಿಂಗೊ ತೆಗೆಯಲು ಎಲ್ಲಿ, ಯಾವಾಗ? ಸೆಟ್ಟಿಂಗ್ ಏನು?

ನವೆಂಬರ್ ಹೊತ್ತಿಗೆ ಬರತೊಡಗಿ ಬೇಸಿಗೆ ಕೊನೆಯವರೆಗೆ ಇರುತ್ತವೆ. ಥಾಣೆ ಖಾಡಿ ಫ್ಲೆಮಿಂಗೊ ಅಭಯಾರಣ್ಯ 2015ರಲ್ಲಿ ಘೋಷಣೆಯಾಯಿತು, 2022ರಲ್ಲಿ ರಾಮ್ಸರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ) ಆಯಿತು. ಐರೋಲಿಯ ಕರಾವಳಿ ಜೀವವೈವಿಧ್ಯ ಕೇಂದ್ರದಿಂದ ದೋಣಿ ಹೊರಡುತ್ತದೆ, ಉಬ್ಬರ ನೋಡಿಕೊಂಡು. ಹೋಗುವ ಮುನ್ನ ಉಬ್ಬರ ಇಳಿತದ ವೇಳಾಪಟ್ಟಿ ನೋಡುವುದು ಲೆನ್ಸ್ ಆರಿಸುವಷ್ಟೇ ಮುಖ್ಯ. ಪೂರ್ತಿ ಇಳಿತದಲ್ಲಿ ಹಕ್ಕಿಗಳು ಕೆಸರಿನ ಆಚೆ ತುದಿಯಲ್ಲಿ ಚದುರಿರುತ್ತವೆ. ನೀರು ಏರತೊಡಗಿದಂತೆ ದಡದ ಕಡೆ ಸರಿಯುತ್ತವೆ. ಆ ಹೊತ್ತಿನಲ್ಲಿ 300 ಎಂಎಂ ಕೂಡ ಸಾಕಾಗುತ್ತದೆ.

ಬೆಳಕಿನ ದಿಕ್ಕನ್ನೂ ಯೋಚಿಸಿ. ಫ್ಲೆಮಿಂಗೊ ಕಾಣುವ ಇನ್ನೊಂದು ಜಾಗ, ಮುಂಬಯಿ ಬದಿಯ ಶಿವಡಿ, ಪೂರ್ವಕ್ಕೆ ಮುಖ ಮಾಡಿದೆ, ಬೆಳಿಗ್ಗೆ ಸೂರ್ಯ ನೇರ ಕಣ್ಣಿಗೆ ಬೀಳುತ್ತಾನೆ, ಮಧ್ಯಾಹ್ನದ ಮೇಲೆ ಬೆನ್ನಿಗೆ ಬರುತ್ತಾನೆ. ಐರೋಲಿ ದಂಡೆಯಲ್ಲಿ ಇದರ ತದ್ವಿರುದ್ಧ. 2024ರ ಜನವರಿಯಲ್ಲಿ ತೆರೆದ 21.8 ಕಿಲೋಮೀಟರ್ ಉದ್ದದ ಅಟಲ್ ಸೇತು ಶಿವಡಿಯ ಕೆಸರುಬಯಲಿನ ಮೇಲೇ ಹಾದುಹೋಗಿದೆ. ಹಕ್ಕಿಯೊಂದನ್ನೇ ತುಂಬಿಸುವ ಹಟ ಬಿಟ್ಟು, 100 ಎಂಎಂಗೆ ಇಳಿದು, ಸೇತುವೆಯ ಕಂಬಗಳನ್ನೂ ಗುಲಾಬಿ ಸಾಲನ್ನೂ ಒಟ್ಟಿಗೆ ತೆಗೆಯಿರಿ. ಈ ಊರಿನ ಹಕ್ಕಿಯ ನಿಜವಾದ ಚಿತ್ರ ಅದು ಎಂದು ನನಗೆ ಅನಿಸುತ್ತದೆ.

ಸೆಟ್ಟಿಂಗ್: ಹಾರುವಾಗ ಶಟರ್ 1/1250 ಅಥವಾ ಮೇಲೆ, ಅಪರ್ಚರ್ ಪೂರ್ತಿ ತೆರೆದು, ಐಎಸ್‌ಒ ಆಟೋ, ನಿರಂತರ ಫೋಕಸ್. ಕೂತಾಗ ಎಫ್/8 ಮಾಡಿದರೆ ಅಗ್ಗದ ಝೂಮೂ ಚೂಪಾಗುತ್ತದೆ. ಕಪ್ಪು ಕೆಸರಿನ ಮೇಲಿನ ಬಿಳಿ ಹಕ್ಕಿಗೆ ಎಕ್ಸ್‌ಪೋಷರ್ ಮೈನಸ್ 0.7, ಬಿಳಿ ಆಕಾಶದ ಎದುರು ಹಾರುವುದಕ್ಕೆ ಪ್ಲಸ್ 1. ದೋಣಿಯಲ್ಲಿ ಟ್ರೈಪಾಡ್ ಇಡಬೇಡಿ, ಎಂಜಿನ್ನಿನ ನಡುಕ ನೇರ ಲೆನ್ಸಿಗೆ ಏರುತ್ತದೆ.

ದೋಣಿಯವರಿಗೆ ಇನ್ನೂ ಹತ್ತಿರ ಹೋಗಲು ಹೇಳಬಹುದೆ? ಒಮ್ಮೆ ಹಾರಿಸಿದರೆ ಚೆಂದದ ಚಿತ್ರ ಸಿಗುತ್ತದಲ್ಲ?

ದಯವಿಟ್ಟು ಹೇಳಬೇಡಿ. ಉಬ್ಬರಕ್ಕೂ ಇಳಿತಕ್ಕೂ ನಡುವೆ ಅವುಗಳಿಗೆ ಮೇಯಲು ಸಿಗುವುದು ಕೆಲವೇ ಗಂಟೆ. ಹಾರಿದಷ್ಟು ಸಲ ಆ ಹೊತ್ತು, ಆ ಶಕ್ತಿ ಎರಡೂ ಹೋಗುತ್ತವೆ. ಹಿಂಡು ತಲೆ ಎತ್ತಿ ಒಂದೇ ದಿಕ್ಕಿಗೆ ನಡೆಯತೊಡಗಿದರೆ ನೀವು ಹತ್ತಿರ ಬಂದದ್ದು ಸಾಕಾಯಿತು, ದೋಣಿ ನಿಲ್ಲಿಸಲು ಹೇಳಿ. ಅಭಯಾರಣ್ಯದಲ್ಲಿ ಹಕ್ಕಿಗಳನ್ನು ಬೆದರಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೂ ಹೌದು. ಅವು ತಾವಾಗಿ ಹಾರುವ ಹೊತ್ತು ಬರುತ್ತದೆ, ನೀರು ಪೂರ್ತಿ ಏರಿದಾಗ. ಕಾಯುವವರಿಗೆ ಅದು ಸಿಗುತ್ತದೆ.

ಮಳೆಗಾಲದಲ್ಲಿ ಲೆನ್ಸ್ ಎಲ್ಲಿಡಬೇಕು?

ಗಾಳಿಯಾಡದ ಚರ್ಮದ ಬ್ಯಾಗಿನಲ್ಲಿ, ಬಟ್ಟೆಯ ಬೀರುವಿನಲ್ಲಿ ಖಂಡಿತ ಬೇಡ. ಡ್ರೈ ಕ್ಯಾಬಿನೆಟ್ ಕೊಳ್ಳಬಲ್ಲಿರಾದರೆ ತೇವಾಂಶ ಶೇ 40-50ರ ನಡುವೆ ಇಡಿ. ಇಲ್ಲದಿದ್ದರೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ಚಿಕ್ಕ ತೇವಮಾಪಕ. ಜೆಲ್ ಬಣ್ಣ ಬದಲಾದಾಗ ಬಾಣಲೆಯಲ್ಲಿ ಹದವಾಗಿ ಬಿಸಿ ಮಾಡಿ ಮತ್ತೆ ಬಳಸಬಹುದು. ಅಡುಗೆಗೆ ಬಳಸುವ ಬಾಣಲೆ ಮಾತ್ರ ಬೇಡ. ಡಬ್ಬಿಯಲ್ಲಿಟ್ಟು ಮರೆಯುವುದಕ್ಕಿಂತ ವಾರಕ್ಕೊಮ್ಮೆ ತೆಗೆದು ಬಳಸುವುದು ಉತ್ತಮ. ಖಾಡಿಯಿಂದ ಬಂದ ದಿನ ಲೆನ್ಸಿನ ಹೊರಮೈಯನ್ನು ತುಸು ಒದ್ದೆ ಮಾಡಿದ ಮೃದು ಬಟ್ಟೆಯಿಂದ ಒರೆಸಿ ಆಮೇಲೆ ಒಣ ಬಟ್ಟೆ ಹಿಡಿಯಿರಿ, ಉಪ್ಪು ಉಳಿಯಬಾರದು.

ಯುವಿ ಫಿಲ್ಟರ್ ಹಾಕಲೇ?

ಅಗ್ಗದ ಫಿಲ್ಟರ್ ಟೆಲಿ ಲೆನ್ಸಿನ ಸ್ಪಷ್ಟತೆ ಕೆಡಿಸುತ್ತದೆ. ಅದರ ಬದಲು ಲೆನ್ಸಿನ ತುದಿಗೆ ಕೂರುವ ಹುಡ್ ಹಾಕಿ, ಓರೆ ಬಿಸಿಲನ್ನೂ ತಡೆಯುತ್ತದೆ, ಲೋಕಲ್‌ನ ನೂಕಾಟದಲ್ಲಿ ಪೆಟ್ಟನ್ನೂ ತಾನೇ ತಿನ್ನುತ್ತದೆ. ಡಬ್ಬಿಯಲ್ಲಿ ಹುಡ್ ಬರದಿದ್ದರೆ ಬೇರೆಯಾಗಿ ಕೊಳ್ಳಿ.

ಕೊಳ್ಳುವ ಮೊದಲು ಬಾಡಿಗೆಗೆ ತಂದು ನೋಡಬಹುದೆ?

ಮುಂಬಯಿಯಲ್ಲಿ ಇರುವವರಿಗೆ ಇದೇ ದೊಡ್ಡ ಅನುಕೂಲ. ಸಿನಿಮಾ, ಜಾಹೀರಾತಿನ ಕೆಲಸದಿಂದಾಗಿ ಅಂಧೇರಿ ಸುತ್ತಮುತ್ತ ಬಾಡಿಗೆ ಅಂಗಡಿಗಳು ಬಹಳ ಇವೆ. ಗುರುತಿನ ಚೀಟಿ, ಠೇವಣಿ ಕೇಳುತ್ತಾರೆ. ಎರಡು ಲೆನ್ಸಿನ ನಡುವೆ ತೂಗಾಡುತ್ತಿದ್ದರೆ ಒಂದು ಭಾನುವಾರಕ್ಕೆ ಎರಡನ್ನೂ ತಂದು, ಅದೇ ರೈಲಿನಲ್ಲಿ, ಅದೇ ಜಾಗಕ್ಕೆ ಹೋಗಿ ಬನ್ನಿ. ಕೈಗೆ ತೆಗೆದುಕೊಳ್ಳುವಾಗ ಅಂಗಡಿಯವರ ಎದುರೇ ಗಾಜು, ಮೌಂಟು, ಹುಡ್ ಎಲ್ಲದರ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ.

ಲೆನ್ಸ್ ಮನೆಗೆ ಬಂತು. ಮೊದಲು ಏನು ಮಾಡಲಿ?

ವಾಪಸು ಕೊಡುವ ಅವಧಿ ಮುಗಿಯುವ ಮುನ್ನ ಒಂದು ಪರೀಕ್ಷೆ ಮಾಡಿ. ದಿನಪತ್ರಿಕೆಯ ನಾಲ್ಕಾರು ಹಾಳೆಗಳನ್ನು ಗೋಡೆಗೆ ಒತ್ತಾಗಿ ಅಂಟಿಸಿ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಗೋಡೆಗೆ ನೇರವಾಗಿ ನಿಲ್ಲಿಸಿ, ಸ್ಥಿರೀಕರಣ ಆಫ್ ಮಾಡಿ, ಎರಡು ಸೆಕೆಂಡಿನ ಟೈಮರ್ ಹಾಕಿ. ಚಿಕ್ಕ ತುದಿ, ನಡು, ಉದ್ದದ ತುದಿ, ಮೂರರಲ್ಲೂ ಅಪರ್ಚರ್ ಪೂರ್ತಿ ತೆರೆದು ಒಮ್ಮೆ, ಎಫ್/8ರಲ್ಲಿ ಒಮ್ಮೆ ತೆಗೆಯಿರಿ. ನಾಲ್ಕೂ ಮೂಲೆಗಳು ಒಂದೇ ಸಮ ಮಸುಕಾಗಿದ್ದರೆ ಅದು ಆ ಲೆನ್ಸಿನ ಸಹಜ ಗುಣ, ಎಫ್/8ರಲ್ಲಿ ಸುಧಾರಿಸುತ್ತದೆ. ಎಡಗಡೆ ಅಕ್ಷರ ಚೂಪಾಗಿದ್ದು ಬಲಗಡೆ ಓದಲಾಗದಿದ್ದರೆ ಒಳಗಿನ ಗಾಜು ಓರೆಯಾಗಿ ಕೂತಿದೆ. ಕ್ಯಾಮೆರಾ ಗೋಡೆಗೆ ನೇರವಾಗಿದೆಯೆ ಎಂದು ಇನ್ನೊಮ್ಮೆ ಖಚಿತಪಡಿಸಿಕೊಂಡು ಮತ್ತೆ ತೆಗೆಯಿರಿ. ಆಗಲೂ ಹಾಗೇ ಬಂದರೆ ಆ ಚಿತ್ರಗಳನ್ನು, ಬಿಲ್ಲನ್ನು ಹಿಡಿದುಕೊಂಡು ಅಂಗಡಿಗೆ ಹೋಗಿ ಬೇರೆ ಲೆನ್ಸ್ ಕೇಳಿ.